ಕಲ್ಲಿನ ಹಿಡಿಯ ಚಾಕು: ಸಂಡೂರು ಜಾಸ್ಪರ್, 440ಸಿ ಅಲಗು, ತೊಗಲಿನ ಒರೆ – ಕೆಲಸದ ಕ್ರಮ ಹೇಗೆ?

ಅಲಗು_28:
ಸಂಗ್ರಹಕ್ಕೆ ಇಡುವಂಥ ಚಾಕು. ಅಳತೆ ಹೀಗಿದೆ: ಅಲಗು 100 ಮಿ.ಮೀ. ಉದ್ದ, 28 ಅಗಲ, ಬೆನ್ನಿನಲ್ಲಿ 4 ದಪ್ಪ. ಹಿಡಿ 110 ಮಿ.ಮೀ., ಫುಲ್ ಟ್ಯಾಂಗ್. ಅಂದರೆ ಅಲಗಿನ ಉಕ್ಕೇ ಹಿಡಿಯ ಕೊನೆಯವರೆಗೂ ಪೂರ್ತಿ ಅಗಲದಲ್ಲಿ ಬರುತ್ತದೆ. ಮುಂದೆ 18 ಮಿ.ಮೀ. ಬೋಲ್‌ಸ್ಟರ್ (ಹಿಡಿಯ ತುದಿಗೆ ಕೂರಿಸುವ ಲೋಹದ ತುಂಡು), ಹಿಂದೆ 17, ನಡುವೆ 75 ಮಿ.ಮೀ. ಕಲ್ಲಿನ ಬಿಲ್ಲೆ, ಎರಡೂ ಬದಿಗೆ. ಕಲ್ಲು ಸಂಡೂರು ಕಡೆಯ ಕೆಂಪು-ಬೂದು ಪಟ್ಟೆಯದು, ಬ್ಯಾಂಡೆಡ್ ಹೆಮಟೈಟ್ ಜಾಸ್ಪರ್ (ಕಬ್ಬಿಣದ ಅದಿರು ಹೆಮಟೈಟ್, ಕೆಂಪು ಕಲ್ಲು ಜಾಸ್ಪರ್, ಎರಡರ ಪಟ್ಟೆ). ಒರೆ ತೊಗಲಿನದು.

ಅಲಗಿಗೆ ಇಎನ್31 ಉಕ್ಕು ಸಾಕೋ, 440ಸಿ ಸ್ಟೇನ್‌ಲೆಸ್ ಉಕ್ಕು ಬೇಕೋ? ಕಲ್ಲಿಗೆ ತೂತು ಹೊಡೆದು ಪಿನ್ ಹಾಕಬೇಕೋ ಬೇಡವೋ? ಯಾವ ಕೆಲಸ ಮೊದಲು, ಯಾವುದು ಆಮೇಲೆ?

ಹಕೀಕ್:
ಕಲ್ಲಿನಿಂದಲೇ ಶುರು ಮಾಡೋಣ. ಉಕ್ಕು, ಅಂಟು, ಬೋಲ್‌ಸ್ಟರ್ ಎಲ್ಲವೂ ಕಲ್ಲು ಹೇಳಿದಂತೆ ಕೇಳಬೇಕು.

ಸಂಡೂರಿನ ಕಲ್ಲು ನೋಡಲು ಸೊಗಸು, ಪಾಲಿಶ್‌ಗೆ ಕಾಟ. ಜಾಸ್ಪರ್ ಪಟ್ಟೆಯ ಗಡಸುತನ ಮೋಸ್ ಮಾಪನದಲ್ಲಿ 6.5ರಿಂದ 7. ಹೆಮಟೈಟ್ ಪಟ್ಟೆಯದು ಅದಕ್ಕಿಂತ ಕಡಿಮೆ, ಕೆಲವೆಡೆ 5ಕ್ಕೂ ಇಳಿಯುತ್ತದೆ. ಮೆತ್ತಗಿನ ಪಟ್ಟೆ ಬೇಗ ಸವೆದು ತಗ್ಗಾಗುತ್ತದೆ. ಬೆರಳಾಡಿಸಿದರೆ ಏರಿಳಿತ ಸಿಗುತ್ತದೆ. ಸಿಲಿಕಾನ್ ಕಾರ್ಬೈಡ್ ಹಾಳೆಯನ್ನು ಮೆತ್ತನೆಯ ಪ್ಯಾಡಿನ ಮೇಲೆ ಉಜ್ಜಿದರೆ ಇದು ಖಂಡಿತ. ಗಟ್ಟಿ ಹಿಂಬದಿಯ ಡೈಮಂಡ್ ಪ್ಯಾಡ್ ಬಳಸಿ, ಒತ್ತಡ ಕಡಿಮೆ ಇಡಿ, ಯಾವ ಗ್ರಿಟ್‌ನಲ್ಲೂ (ಉಜ್ಜುವ ಕಣದ ನಯದ ಮಟ್ಟ; ಅಂಕಿ ಏರಿದಷ್ಟೂ ನಯ) ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ನಿಲ್ಲಬೇಡಿ.

ಇದಕ್ಕಿಂತ ಕಷ್ಟದ ಕಲ್ಲೂ ಕರ್ನಾಟಕದಲ್ಲೇ ಇದೆ: ಹಸಿರು ಫುಕ್ಸೈಟ್‌ನೊಳಗೆ (ಒಂದು ಬಗೆಯ ಅಭ್ರಕ) ಕೆಂಪು ಮಾಣಿಕ್ಯದ ಚುಕ್ಕೆ. ಮಾಣಿಕ್ಯ 9, ಫುಕ್ಸೈಟ್ 2–3. ಮಾಣಿಕ್ಯ ಗುಬಟಿನಂತೆ ಎದ್ದು ನಿಲ್ಲುತ್ತದೆ, ಸುತ್ತಲಿನದು ಪದರ ಪದರವಾಗಿ ಎದ್ದುಹೋಗುತ್ತದೆ. ಹಿಡಿಗೆ ಅದರ ಆಸೆ ಬಿಡಿ.

ಮೊದಲ ಚಾಕುವಾಗಿದ್ದರೆ ಗುಜರಾತಿನ ಖಂಬಾತದ ಅಗೇಟ್ ಅಥವಾ ಒಂದೇ ಹದದ ಜಾಸ್ಪರ್ ಒಳ್ಳೆಯದು. ಗಟ್ಟಿತನಕ್ಕೆ ಎಲ್ಲಕ್ಕಿಂತ ಮೇಲು ನೆಫ್ರೈಟ್ ಜೇಡ್. ಅದರ ಗಡಸುತನ 6–6.5 ಅಷ್ಟೇ. ಆದರೆ ಒಳಗಿನ ನಾರುಗಳು ಒಂದಕ್ಕೊಂದು ಹೆಣೆದುಕೊಂಡಿರುವುದರಿಂದ ಬಿದ್ದರೂ ಸುಲಭಕ್ಕೆ ಒಡೆಯುವುದಿಲ್ಲ. ಗೀರು ತಡೆಯುವುದು ಬೇರೆ, ಏಟು ತಡೆಯುವುದು ಬೇರೆ.

ಬಿಲ್ಲೆ ಕೊಳ್ಳುವಾಗ ನೀರಿನಲ್ಲಿ ಅದ್ದಿ ಹೊರತೆಗೆಯಿರಿ. ಮೈ ಒಣಗಿದ ಮೇಲೂ ಕೂದಲೆಳೆಯಂಥ ಒದ್ದೆ ಗೆರೆ ಉಳಿದರೆ ಅದು ಬಿರುಕು. ಪಟ್ಟೆ ಎಂದು ಅಂಗಡಿಯವರು ಸಮಾಧಾನ ಹೇಳಬಹುದು, ನಂಬಬೇಡಿ. 8–9 ಮಿ.ಮೀ. ದಪ್ಪದ ಬಿಲ್ಲೆ ತನ್ನಿ, ಕೊನೆಗೆ 6.5–7 ಉಳಿಯುತ್ತದೆ. ಎರಡೂ ಬದಿಗೆ ಒಂದೇ ಬಂಡೆಯ ಅಕ್ಕಪಕ್ಕದ ಸೀಳು ಇರಲಿ; ಇಲ್ಲದಿದ್ದರೆ ಪಟ್ಟೆಗಳು ಹೊಂದುವುದಿಲ್ಲ.

ಕುಲುಮೆ:
ಉಕ್ಕಿನ ಪ್ರಶ್ನೆಗೆ: 440ಸಿ.

ಇಎನ್31 ಬೇರಿಂಗ್ ಉಕ್ಕು. ಇಂಗಾಲ ಸುಮಾರು 1%, ಕ್ರೋಮಿಯಂ 1ರಿಂದ 1.5%. ಅಲಗಿಗೆ ಚೆನ್ನಾಗಿದೆ, ಬೆಲೆಯೂ ಕಡಿಮೆ. ಆದರೆ ತುಕ್ಕು ಹಿಡಿಯುತ್ತದೆ. ಮರದ ಹಿಡಿಯಾದರೆ ತೆಗೆದು ಹೊಸದು ಹಾಕಬಹುದು. ಕಲ್ಲಿನಡಿ ಟ್ಯಾಂಗ್‌ಗೆ ತುಕ್ಕು ಹಿಡಿದರೆ ಅದು ಉಬ್ಬಿ ಅಂಟನ್ನು ಎತ್ತುತ್ತದೆ, ಹೊರಗಿಂದ ಏನೂ ಕಾಣುವುದಿಲ್ಲ. ಅದೂ ಅಲ್ಲದೆ ಕಲ್ಲನ್ನು ಉಜ್ಜುವುದೆಲ್ಲ ನೀರಿನಲ್ಲೇ. ಡಿ2 ಎಂಬ ಉಕ್ಕು ಕೂಡ 12% ಕ್ರೋಮಿಯಂ ಇದ್ದರೂ ಪೂರ್ತಿ ಸ್ಟೇನ್‌ಲೆಸ್ ಅಲ್ಲ, ಕನ್ನಡಿ ಪಾಲಿಶ್‌ಗೆ ಸುಲಭಕ್ಕೆ ಬಗ್ಗುವುದೂ ಇಲ್ಲ. 440ಸಿಯಲ್ಲಿ ಕ್ರೋಮಿಯಂ 16–18%, ಇಂಗಾಲ 0.95–1.2%.

ಹದ ಹಾಕುವುದು (ಉಕ್ಕನ್ನು ಕಾಯಿಸಿ ತಣಿಸಿ ಗಡಸು ಮಾಡುವುದು): ಬಾಯಿಯ (ಕೊಯ್ಯುವ ಅಂಚಿನ) ಕಡೆ 0.6 ಮಿ.ಮೀ. ದಪ್ಪ ಉಳಿಸಿಯೇ ಕುಲುಮೆಗೆ ಕೊಡಿ, ಅದಕ್ಕಿಂತ ತೆಳುವಾದರೆ ಅಲೆಯಂತೆ ಬಾಗುತ್ತದೆ. ಎಲ್ಲ ತೂತುಗಳೂ ಹದಕ್ಕೆ ಮುಂಚೆಯೇ ಆಗಿರಬೇಕು, ಆಮೇಲೆ ಡ್ರಿಲ್ ಏರುವುದಿಲ್ಲ. ಸ್ಟೇನ್‌ಲೆಸ್ ಫಾಯಿಲ್‌ನಲ್ಲಿ ಗಾಳಿಯಾಡದಂತೆ ಎರಡು ಮಡಿಕೆ ಮಡಚಿ ಸುತ್ತಿ. ಸುಮಾರು 780 ಡಿಗ್ರಿಯಲ್ಲಿ ಒಮ್ಮೆ ನಿಲ್ಲಿಸಿ, ನಂತರ 1040 ಡಿಗ್ರಿಗೆ ಏರಿಸಿ 20–25 ನಿಮಿಷ. ಫಾಯಿಲ್ ಸಮೇತ ಎರಡು ದಪ್ಪ ಅಲ್ಯೂಮಿನಿಯಂ ಹಲಗೆಗಳ ನಡುವೆ ಒತ್ತಿ ತಣಿಸಿ. ಎಣ್ಣೆ ಬೇಡ, ಈ ದಪ್ಪಕ್ಕೆ ಹಲಗೆಯೇ ಸಾಕು, ಅಲಗು ನೇರವಾಗಿಯೂ ಉಳಿಯುತ್ತದೆ. ಡ್ರೈ ಐಸ್ ಸಿಕ್ಕರೆ ಮೈನಸ್ 78ರಲ್ಲಿ ಒಂದೆರಡು ಗಂಟೆ ಇಡಿ. ತಣಿದ ಮೇಲೂ ಬದಲಾಗದೆ ಉಳಿದ ಆಸ್ಟೆನೈಟ್‌ನಲ್ಲಿ (ಉಕ್ಕಿನ ಮೆತ್ತನೆಯ ರೂಪ) ಬಹುಪಾಲು ಗಡಸಾಗುತ್ತದೆ. ನಂತರ 165–175 ಡಿಗ್ರಿಯಲ್ಲಿ ಎರಡು ಸಲ ಕಾಯಿಸಿ, ಸಲಕ್ಕೆ ಎರಡು ಗಂಟೆ. ರಾಕ್‌ವೆಲ್ ಗಡಸುತನದ ಮಾಪನದಲ್ಲಿ 58–60 ಎಚ್‌ಆರ್‌ಸಿ ಬರಬೇಕು.

ಮನೆಯ ಗ್ಯಾಸ್ ಕುಲುಮೆಯಲ್ಲಿ ಇದು ಆಗುವ ಕೆಲಸವಲ್ಲ. ಬಣ್ಣ ನೋಡಿ 1040ನ್ನು 20 ನಿಮಿಷ ಹಿಡಿದಿಡಲು ಸಾಧ್ಯವಿಲ್ಲ. ಬೆಂಗಳೂರಿನ ಪೀಣ್ಯದಂಥ ಕೈಗಾರಿಕಾ ಪ್ರದೇಶದಲ್ಲಿ ವ್ಯಾಕ್ಯೂಮ್ ಹೀಟ್ ಟ್ರೀಟ್‌ಮೆಂಟ್ ಮಾಡುವವರಿಗೆ ಕೊಡಿ. ಉಕ್ಕಿನ ದರ್ಜೆ, ಬೇಕಾದ ಗಡಸುತನ ಎರಡನ್ನೂ ಚೀಟಿಯಲ್ಲಿ ಬರೆದು ಕೊಡಿ.

ರಿವೆಟ್_ರಾಯ:
ಪಿನ್ ಹಾಕಲೇಬೇಕು ಎನ್ನುವವನು ನಾನು. ಬರೀ ಅಂಟಿನ ಮೇಲೆ ಹಿಡಿ ನಿಲ್ಲಿಸುವುದೆಂದರೆ ಹೇಗೆ? 3 ಮಿ.ಮೀ. ಡೈಮಂಡ್ ಕೋರ್ ಡ್ರಿಲ್, ನೀರಿನ ತೊಟ್ಟಿ, ನಿಧಾನವಾಗಿ ಒತ್ತಿ ಎತ್ತಿ ಕೊರೆದರೆ ಜಾಸ್ಪರ್‌ನಲ್ಲಿ ತೂತು ಆಗಿಯೇ ಆಗುತ್ತದೆ.

ಹಕೀಕ್:
@ರಿವೆಟ್_ರಾಯ ತೂತು ಆಗುತ್ತದೆ ಸರ್, ಅದರಲ್ಲಿ ಅನುಮಾನವಿಲ್ಲ. ಆಮೇಲೆ ಆ ಪಿನ್ ಏನು ಕೆಲಸ ಮಾಡುತ್ತದೆ ಎಂಬುದು ಪ್ರಶ್ನೆ. ತಲೆ ಬಡಿದು ಅಗಲಿಸುವಂತಿಲ್ಲ, ಮೊದಲ ಏಟಿಗೇ ಬಿಲ್ಲೆ ಎರಡಾಗುತ್ತದೆ. ಬಡಿಯದ ಪಿನ್ ಪಕ್ಕಕ್ಕೆ ಜಾರುವುದನ್ನಷ್ಟೇ ತಡೆಯುತ್ತದೆ, ಮೇಲಕ್ಕೆ ಏಳುವುದನ್ನಲ್ಲ. ಜೊತೆಗೆ ಪ್ರತಿ ತೂತೂ ಬಿರುಕು ಹುಟ್ಟುವ ಜಾಗ. ಕೋರ್ ಡ್ರಿಲ್ ಆಚೆ ಬದಿಗೆ ಹೊರಬರುವಾಗ ಸುತ್ತ ಚಕ್ಕೆ ಹಾರುತ್ತದೆ. ಹಾಕಲೇಬೇಕಾದರೆ 3 ಮಿ.ಮೀ. ಪಿನ್ನಿಗೆ 3.2 ತೂತು, ಹಿಂದೆ ಗಾಜಿನ ತುಂಡು ಅಂಟಿಸಿ ಕೊರೆಯಿರಿ, ಪಿನ್ನನ್ನು ಅಂಟಿನಲ್ಲಿ ತೇಲಲು ಬಿಡಿ.

ಕಲ್ಲನ್ನು ಹಿಡಿಯಬೇಕಾದದ್ದು ಬೋಲ್‌ಸ್ಟರ್. ಡವ್‌ಟೇಲ್ ಮಾಡಿ.

ಕುಲುಮೆ:
ಡವ್‌ಟೇಲ್ ಹೇಗೆಂದರೆ: ಬೋಲ್‌ಸ್ಟರ್ ಕಲ್ಲಿಗೆ ತಾಗುವ ಮುಖವನ್ನು ನೆಟ್ಟಗೆ ಕತ್ತರಿಸದೆ ಸುಮಾರು 25 ಡಿಗ್ರಿ ಒಳಕ್ಕೆ ಓರೆ ಮಾಡಿ. ಬೋಲ್‌ಸ್ಟರಿನ ಮೇಲ್ತುದಿ ಕಲ್ಲಿನ ಮೇಲೆ ಸೂರಿನಂತೆ ಚಾಚಿರಬೇಕು, ಕಲ್ಲಿನ ತುದಿ ಅದರಡಿ ಸೇರಬೇಕು. ಹಿಂದೆ, ಮುಂದೆ ಎರಡೂ ಕಡೆ ಹೀಗೆ ಮಾಡಿದರೆ ಬಿಲ್ಲೆ ಪಕ್ಕದಿಂದ ಜಾರಿ ಒಳಹೋಗುತ್ತದೆ. ನೇರವಾಗಿ ಮೇಲಕ್ಕೆ ಎದ್ದು ಬರಲು ದಾರಿಯೇ ಇರುವುದಿಲ್ಲ. ಪಕ್ಕಕ್ಕೆ ಜಾರುವುದನ್ನು ತಡೆಯುವುದಷ್ಟೇ ಅಂಟಿನ ಪಾಲಿನ ಕೆಲಸ.

ಬೋಲ್‌ಸ್ಟರಿಗೆ 304 ಸ್ಟೇನ್‌ಲೆಸ್. ಹಿತ್ತಾಳೆ ಬೇಡ, ತೊಗಲಿನ ಆಮ್ಲಕ್ಕೆ ಹಸಿರು ಕಿಲುಬು ಏಳುತ್ತದೆ. ಪಿನ್ನೂ 304ರದ್ದೇ ಇರಲಿ, ಒಂದೊಂದು ಬೋಲ್‌ಸ್ಟರಿಗೆ ಎರಡು. ಹೊರಬದಿಯಲ್ಲಿ ತೂತನ್ನು ಟೇಪರ್ ರೀಮರ್‌ನಿಂದ ಸ್ವಲ್ಪ ಅಗಲಿಸಿ, ಪಿನ್ನನ್ನು 2 ಮಿ.ಮೀ. ಹೊರಗೆ ಉಳಿಸಿ, ಸುತ್ತಲೂ ಸಣ್ಣ ಸಣ್ಣ ಏಟಿನಿಂದ ಬಡಿಯಿರಿ. ತುಂಬಿಕೊಂಡ ಮೇಲೆ ಅರ ಹಾಕಿದರೆ ಪಿನ್ ಎಲ್ಲಿದೆ ಎಂದೇ ತಿಳಿಯಬಾರದು. ಸುತ್ತ ಕಪ್ಪು ಉಂಗುರ ಕಂಡರೆ ಒಳಗೆ ಸರಿಯಾಗಿ ತುಂಬಿಲ್ಲ ಎಂದರ್ಥ. 304 ಕೊರೆಯುವಾಗ ಡ್ರಿಲ್ ವೇಗ ಕಡಿಮೆ, ಒತ್ತಡ ಜಾಸ್ತಿ. ಸುಮ್ಮನೆ ತಿರುಗಲು ಬಿಟ್ಟರೆ ಆ ಜಾಗ ಗಡಸಾಗಿ ಬಿಟ್ ಸುಟ್ಟುಹೋಗುತ್ತದೆ.

ಬಡಿಯುವ ಕೆಲಸ ಪೂರ್ತಿ ಮುಗಿದ ಮೇಲೆಯೇ ಕಲ್ಲು ಆ ಚಾಕುವಿನ ಹತ್ತಿರ ಬರಬೇಕು.

ಅಲಗು_28:
ಹಾಗಾದರೆ ಕ್ರಮ ಹೀಗೆ ತಾನೇ: ಅಲಗಿನ ಆಕಾರ, ತೂತು, ಹದ, ಅಲಗಿನ ಪಾಲಿಶ್, ಬೋಲ್‌ಸ್ಟರ್, ಕಲ್ಲು, ಕೊನೆಗೆ ಬಾಯಿ ಸಾಣೆ? ಕಲ್ಲಿನ ಓರೆಯನ್ನು ಬೋಲ್‌ಸ್ಟರಿಗೆ ಹೊಂದಿಸುವುದು ಹೇಗೆ?

ಹಕೀಕ್:
ಕ್ರಮ ಸರಿ. ಅಲಗನ್ನು 1200 ಗ್ರಿಟ್‌ವರೆಗೆ ತಂದು, ಬಾಯಿ ಮೊಂಡಾಗಿಯೇ ಇಟ್ಟು, ಟೇಪ್ ಸುತ್ತಿ ಮುಂದುವರಿಯಿರಿ. ಕಲ್ಲಿನ ಕೆಸರು ಅಲಗಿಗೆ ತಾಗಿದರೆ ಆ ಪಾಲಿಶ್ ಇನ್ನೊಮ್ಮೆ ಮಾಡಬೇಕು.

ಹೊಂದಿಸುವುದೇ ಈ ಚಾಕುವಿನ ಅರ್ಧ ಕೆಲಸ. ಮೊದಲು ಬಿಲ್ಲೆಯ ತಳ ಸಮ ಮಾಡಿ. 10 ಮಿ.ಮೀ. ದಪ್ಪ ಗಾಜಿನ ಮೇಲೆ 220 ಗ್ರಿಟ್ ಸಿಲಿಕಾನ್ ಕಾರ್ಬೈಡ್ ಪುಡಿ, ನೀರು. ಎಂಟರ ಆಕಾರದಲ್ಲಿ ಉಜ್ಜಿ. ತಳಕ್ಕೆ ಮಾರ್ಕರ್ ಗೆರೆ ಎಳೆದಿಟ್ಟರೆ ಎಲ್ಲಿ ಉಳಿಯಿತೋ ಅಲ್ಲಿ ತಗ್ಗು. ಟ್ಯಾಂಗ್ ಮೇಲಿಟ್ಟು ಬೆಳಕಿಗೆ ಹಿಡಿದಾಗ ಗೆರೆಯಷ್ಟೂ ಬೆಳಕು ಬರಬಾರದು. ತಳ ಸಮವಿಲ್ಲದ ಬಿಲ್ಲೆಯನ್ನು ಕ್ಲಾಂಪ್ ಹಾಕಿ ಕೂರಿಸಿದರೆ ಅವತ್ತು ಕೂರುತ್ತದೆ, ಒಂದು ವಾರದಲ್ಲಿ ಅಡ್ಡಕ್ಕೆ ಸೀಳುತ್ತದೆ. ಮರ ಬಾಗುತ್ತದೆ, ಕಲ್ಲು ಬಾಗುವುದಿಲ್ಲ. ಒಡೆದ ಹಿಡಿಗಳಲ್ಲಿ ಹೆಚ್ಚಿನವು ಬಿದ್ದು ಒಡೆದವಲ್ಲ, ಹೀಗೆ ಕ್ಲಾಂಪಿನಲ್ಲೇ ಸೆಟೆದುಕೊಂಡಿದ್ದವು.

ಓರೆ ಮುಖಕ್ಕೆ 25 ಡಿಗ್ರಿಯ ಮರದ ಆನಿಕೆ ಮಾಡಿಕೊಂಡು ಡೈಮಂಡ್ ಪ್ಲೇಟಿನ ಮೇಲೆ ಉಜ್ಜಿ. ಮುಂದಿನ ಮುಖ ಪೂರ್ತಿ ಹೊಂದಿಸಿದ ಮೇಲೆಯೇ ಹಿಂದಿನದಕ್ಕೆ ಕೈ ಹಾಕಿ. ಬಿಲ್ಲೆ 0.3 ಮಿ.ಮೀ. ಉದ್ದವೇ ಇರಲಿ, ಕೊನೆಗೆ ಉಜ್ಜಿ ಉಜ್ಜಿ ಜಾರುವ ಹದಕ್ಕೆ ತನ್ನಿ. ತುದಿಯ ಕೆಳಗಿನ ಅಂಚನ್ನು ಚಾಕುವಿನ ಬಾಯಂತೆ ಚೂಪು ಬಿಡಬೇಡಿ, ಅರ್ಧ ಮಿ.ಮೀ. ಮೊಂಡು ಮಾಡಿ; ಚೂಪು ಇದ್ದರೆ ಜಾರಿಸುವಾಗಲೇ ಚಕ್ಕೆ ಹಾರುತ್ತದೆ.

ತೂಕ_ತಕ್ಕಡಿ:
ಯಾರೂ ತೂಕದ ಲೆಕ್ಕ ಹಾಕಿಲ್ಲ. ಮೇಲಿನ ಅಳತೆಗೆ ಅಂದಾಜು ಹೀಗೆ. ಅಲಗು ಸಾಣೆಯಾದ ಮೇಲೆ 52 ಗ್ರಾಂ. ಟ್ಯಾಂಗ್ 110×25×4 ಮಿ.ಮೀ., ಅಂದರೆ 85 ಗ್ರಾಂ. ನಾಲ್ಕು ಬೋಲ್‌ಸ್ಟರ್ ತುಂಡು ಸೇರಿ ಸುಮಾರು 85. ಎರಡು ಬಿಲ್ಲೆ ದುಂಡಾದ ಮೇಲೆ 19 ಘನ ಸೆಂ.ಮೀ.; ಅಗೇಟ್ ಆದರೆ (ಸಾಂದ್ರತೆ 2.6) 49 ಗ್ರಾಂ. ಸಂಡೂರು ಕಲ್ಲಿನಲ್ಲಿ ಹೆಮಟೈಟ್ ಪಾಲು ಎಷ್ಟಿದೆಯೋ ಅಷ್ಟು ಹೆಚ್ಚು, 65 ದಾಟಬಹುದು. ಒಟ್ಟಿನಲ್ಲಿ ಅಲಗು 52, ಹಿಡಿ 220ರ ಮೇಲೆ. ಚಾಕು ಹಿಂದಕ್ಕೆ ಬೀಳುತ್ತದೆ.

ಟ್ಯಾಂಗನ್ನು 4 ಮಿ.ಮೀ.ನಿಂದ ಹಿಂದಕ್ಕೆ 1.5ಕ್ಕೆ ಇಳಿಯುವಂತೆ ಓರೆ ಮಾಡಿದರೆ 26 ಗ್ರಾಂ ಇಳಿಯುತ್ತದೆ. ಬಿಲ್ಲೆಯ ಅಡಿ ಬರುವಲ್ಲಿ 6 ಮಿ.ಮೀ.ನ ಐದಾರು ತೂತು ಹೊಡೆದರೆ ಇನ್ನೊಂದು 3–4 ಗ್ರಾಂ. ಅಂಟು ಆ ತೂತುಗಳಲ್ಲಿ ತುಂಬಿ ಎರಡು ಬಿಲ್ಲೆಗಳನ್ನೂ ಒಂದಕ್ಕೊಂದು ಕಟ್ಟುತ್ತದೆ, ಲಾಭ ಅಲ್ಲೇ ಜಾಸ್ತಿ. ಹಿಂದಿನ ಬೋಲ್‌ಸ್ಟರ್ 17ರ ಬದಲು 10 ಮಿ.ಮೀ. ಮಾಡಿ. ಸಮತೋಲದ ಬಿಂದು ತೋರುಬೆರಳು ಕೂರುವಲ್ಲಿ ಬಂದರೆ ಸಾಕು.

ರಿವೆಟ್_ರಾಯ:
ಡವ್‌ಟೇಲ್ ವಾದ ಒಪ್ಪಿದೆ. ಅಂಟು ಯಾವುದು? ಐದು ನಿಮಿಷದ್ದು ಸಾಕಾಗುತ್ತದಾ?

ಹಕೀಕ್:
ಬೇಡ. ಬೇಗ ಗಟ್ಟಿಯಾಗುವ ಎಪಾಕ್ಸಿ ನೀರಿಗೆ ಹೆದರುತ್ತದೆ, ಹೊಂದಿಸಿ ಕೂರಿಸಲು ಸಮಯವೂ ಸಾಲದು. ಅಂಗಡಿಯಲ್ಲಿ ಸಿಗುವ ಅರಾಲ್ಡೈಟ್ ಸ್ಟ್ಯಾಂಡರ್ಡ್, ರೆಸಿನ್ ಮತ್ತು ಹಾರ್ಡನರ್ ಸಮ ಸಮ, ಪೂರ್ತಿ 24 ಗಂಟೆ. ಟ್ಯಾಂಗಿನ ಮೈಯನ್ನು 80 ಗ್ರಿಟ್‌ನಿಂದ ಒರಟು ಮಾಡಿ, ಅಸಿಟೋನ್‌ನಲ್ಲಿ ಒರೆಸಿ. ಎಣ್ಣೆ ಹಾಕಿ ಕೊಯ್ದ ಬಿಲ್ಲೆಯಾದರೆ ಸೋಪಿನ ನೀರಲ್ಲಿ ಒಂದು ದಿನ ನೆನೆಸಿ, ತೊಳೆದು, ಬಿಸಿಲಲ್ಲಿ ಒಣಗಿಸಿ. ರಂಧ್ರದೊಳಗಿನ ಎಣ್ಣೆ ಅಂಟಿನಡಿ ಬೆವರುತ್ತದೆ. ಕ್ಲಾಂಪ್ ಬೆರಳಿನ ಬಿಗಿಯಷ್ಟೇ. ಬಿಗಿದರೆ ಅಂಟೆಲ್ಲ ಹೊರಬಂದು ಒಳಗೆ ಒಣ ಕೀಲು ಉಳಿಯುತ್ತದೆ.

ಮೊಘಲ್ ಕಾಲದ ಜೇಡ್ ಹಿಡಿಯ ಖಂಜರ್‌ಗಳಲ್ಲಿ (ಹೈದರಾಬಾದಿನ ಸಾಲಾರ್ ಜಂಗ್ ಮ್ಯೂಸಿಯಂನಲ್ಲಿ ಇಂಥವನ್ನು ನೋಡಬಹುದು) ಇಡೀ ಹಿಡಿಯೇ ಒಂದು ಕಲ್ಲು. ನಡುವೆ ಕೊರೆದು, ಸಣ್ಣ ಟ್ಯಾಂಗನ್ನು ಅರಗಿನಲ್ಲಿ ಕೂರಿಸುತ್ತಿದ್ದರು. ಅರಗು ಬಿಸಿಗೆ ಕರಗುವುದರಿಂದ ಅಲಗು ಬದಲಿಸಲು ಸುಲಭ. ಕಲ್ಲಿನ ಮೇಲೆ ಸುತ್ತಿಗೆ ಏಟೇ ಇಲ್ಲದ ವಿಧಾನ, ಗಮನಿಸಿ.

ಅಂಟಿಸಿದ ಮೇಲೆ ದುಂಡು ಮಾಡುವುದು: 80 ಡೈಮಂಡ್ ಚಕ್ರ, ನೀರು ಹರಿಯುತ್ತಲೇ ಇರಬೇಕು. ನಂತರ 220, 400, 600, 1200, 3000. ಕೊನೆಗೆ ಅಗೇಟ್, ಜಾಸ್ಪರ್‌ಗೆ ಫೆಲ್ಟ್ ಮೇಲೆ ಸೀರಿಯಂ ಆಕ್ಸೈಡ್. ಜೇಡ್‌ಗೆ ಕ್ರೋಮಿಯಂ ಆಕ್ಸೈಡ್. ಒಂದು ತೊಡಕು: 304 ಕಲ್ಲಿಗಿಂತ ಮೆತ್ತಗೆ. ಎರಡನ್ನೂ ಒಟ್ಟಿಗೆ ಉಜ್ಜಿದರೆ ಕೀಲಿನ ಹತ್ತಿರ ಬೋಲ್‌ಸ್ಟರ್ ತಗ್ಗಾಗುತ್ತದೆ. ಬೋಲ್‌ಸ್ಟರನ್ನು ಮೊದಲೇ ಕೊನೆಯ ಆಕಾರಕ್ಕೆ ತಂದು, ಟೇಪ್ ಹಾಕಿ, ಕಲ್ಲನ್ನು ಅದರ ಮಟ್ಟಕ್ಕೆ ಇಳಿಸಿ. ಕೊನೆಯ ಎರಡು ಗ್ರಿಟ್ ಮಾತ್ರ ಒಟ್ಟಿಗೆ.

ದೂಳಿನ ವಿಷಯ ಬಿಡುವ ಹಾಗಿಲ್ಲ. ಅಗೇಟ್, ಜಾಸ್ಪರ್ ಎರಡೂ ಸಿಲಿಕಾ. ಖಂಬಾತದ ಅಗೇಟ್ ಕೆಲಸಗಾರರನ್ನು ಸಿಲಿಕೋಸಿಸ್ ಎಷ್ಟೋ ಕಾಲದಿಂದ ಕಾಡುತ್ತಿದೆ. ಅಹಮದಾಬಾದಿನ ರಾಷ್ಟ್ರೀಯ ಔದ್ಯೋಗಿಕ ಆರೋಗ್ಯ ಸಂಸ್ಥೆ ಅಲ್ಲಿ ಅಧ್ಯಯನ ಮಾಡಿದೆ. ಶ್ವಾಸಕೋಶಕ್ಕೆ ಹೋದದ್ದು ಹೊರಬರುವುದಿಲ್ಲ. ಒಣಗಿಸಿ ಉಜ್ಜಬೇಡಿ, ನೀರು ಇದ್ದರೂ ತುಂತುರಿಗೆ ಎನ್95ಕ್ಕಿಂತ ಮೇಲಿನ, ಪಿ100 ಫಿಲ್ಟರಿನ ಮಾಸ್ಕ್ ಹಾಕಿ, ನೆಲದ ಕೆಸರು ಒಣಗುವ ಮುಂಚೆ ತೊಳೆಯಿರಿ. ಮಲಕೈಟ್ ಆದರೆ ತಾಮ್ರದ ವಿಷ ಬೇರೆ.

ತೊಗಲ_ಕೆಲಸ:
ಒರೆ ಬಗ್ಗೆ ಬರಿತೀನ್ರಿ. ಮೊದಲನೇ ಮಾತು, ಕ್ರೋಮ್ ತೊಗಲು ಬ್ಯಾಡ. ಜಾಕೆಟ್ಟು, ಪರ್ಸಿನ ಮೆತ್ತನ ತೊಗಲೆಲ್ಲಾ ಹೆಚ್ಚು ಕಮ್ಮಿ ಕ್ರೋಮಿಂದು. ಅದು ನೆನಸಿ ಒತ್ತಿದ್ರ ಆಕಾರ ಹಿಡಿಯಂಗಿಲ್ಲ, ಅದರಾಗಿನ ಉಪ್ಪಿಗೆ ಉಕ್ಕಿನ ಮ್ಯಾಲೆ ಕಲಿ ಬೀಳ್ತೈತಿ. ಗಿಡದ ತೊಗಟಿಲೆ ಹದ ಮಾಡಿದ್ದು ಬೇಕು. ಪರೀಕ್ಷೆ ಸರಳ ಐತಿ: ವಿನೆಗರ್‌ನ್ಯಾಗ ಕಬ್ಬಿಣದ ಚೂರು ಎರಡು ದಿನ ಹಾಕಿಡ್ರಿ, ಆ ನೀರಿನ ಒಂದು ಹನಿ ತೊಗಲಿನ ಮೂಲಿಗೆ ಬಿಡ್ರಿ. ತೊಗಟಿ ಹದದ್ದಾದ್ರ ಕರ್ರಗ ಆಗ್ತೈತಿ, ಕ್ರೋಮ್ ಆದ್ರ ಹಂಗ ಕಪ್ಪಾಗಂಗಿಲ್ಲ.

ಅಥಣಿ, ನಿಪ್ಪಾಣಿ ಕಡೆ ಕೊಲ್ಹಾಪುರಿ ಚಪ್ಪಲಿಗೆ ಜಾಲಿ ತೊಗಟಿ, ಅಳಲಿಕಾಯಿ ಹದದ ತೊಗಲು ಬಳಸ್ತಾರ. ಆದ್ರ ಅಟ್ಟಿಗೆ ಹಾಕೋ ಎಮ್ಮಿ ತೊಗಲು ಭಾಳ ಬಿರುಸು, ಮಡಚಿದಲ್ಲಿ ಸೀಳ್ತೈತಿ. ತಮಿಳುನಾಡಿನ ಈಸ್ಟ್ ಇಂಡಿಯಾ ಹದದ ತೊಗಲು ತೆಳು ಇರ್ತೈತಿ, ಎರಡು ಪದರ ಅಂಟಿಸಿಕೋಬೇಕು. ಒಟ್ಟು 3.2 ಮಿ.ಮೀ. ದಪ್ಪ ಬೇಕು.

ಮೊದಲ ಕಾಗದದಾಗ ನಮೂನಿ ಮಾಡ್ರಿ. ಮಡಚೋ ಒರೆ, ಹಿಡಿಯ ಮೂರನೇ ಒಂದು ಭಾಗ ಒಳಗ ಹೋಗಬೇಕು. ಬಿಗಿ ಬರಬೇಕಾದ್ದು ಮುಂದಿನ ಬೋಲ್‌ಸ್ಟರ್ ಮ್ಯಾಲೆ, ಕಲ್ಲಿನ ಮ್ಯಾಲಲ್ಲ. ಅಲಗಿನ ಬಾಯಿ ಬರೋ ಕಡೆ, ಎರಡು ಪದರದ ನಡುವ ಒಂದು ತೊಗಲಿನ ಪಟ್ಟಿ ಹಾಕ್ರಿ, 4 ಮಿ.ಮೀ. ದಪ್ಪ, 9 ಅಗಲ. ಅದು ಇಲ್ಲಂದ್ರ ಅಲಗು ಹೊಲಿಗಿ ದಾರಾನ ಕೊಯ್ತೈತಿ. ಬಣ್ಣ ಹಚ್ಚೋದಿದ್ರ ಹೊಲಿಗಿಗಿಂತ ಮೊದಲ.

ಹೊಲಿಗಿ ಅಂಚಿನಿಂದ 3 ಮಿ.ಮೀ. ಒಳಗ, ತೂತಿಂದ ತೂತಿಗೆ 4 ಮಿ.ಮೀ. 1 ಮಿ.ಮೀ. ಮೇಣದ ಪಾಲಿಯೆಸ್ಟರ್ ದಾರ, ಎರಡು ಸೂಜಿ. ಹೊಲಿಗಿ ಉದ್ದದ ನಾಲ್ಕು ಪಟ್ಟು ದಾರ ಸಾಕು ಅಂತ ಎಲ್ಲಾರೂ ಹೇಳ್ತಾರ. ಇಲ್ಲಿ ಅದು ಸಾಲಂಗಿಲ್ಲ. ಮೂರು ಪದರ ಸೇರಿ 10 ಮಿ.ಮೀ. ಮ್ಯಾಲಾಗ್ತೈತಿ. 150 ಮಿ.ಮೀ. ಹೊಲಿಗಿಗೆ 38 ಟಾಕಿ, ಒಂದೊಂದಕ್ಕ ಒಂದು ಬದಿ ದಾರ 14 ಮಿ.ಮೀ. ತಿಂತೈತಿ, ಎರಡು ಬದಿ ಸೇರಿ ಒಂದು ಮೀಟರ್ ದಾಟ್ತು. ತುದಿ, ಹಿಂದ ಮೂರು ಟಾಕಿ ಎಲ್ಲಾ ಸೇರಿ ಒಂದೂವರೆ ಮೀಟರ್ ಕತ್ತರಿಸ್ರಿ.

ಹೊಲಿದ ಮ್ಯಾಲೆ ಉಗುರುಬೆಚ್ಚನ ನೀರಾಗ ಗುಳ್ಳಿ ನಿಲ್ಲೋತನಕ ಅದ್ದಿ, ಚಾಕುಗೆ ಪ್ಲಾಸ್ಟಿಕ್ ಹಾಳಿ ಎರಡು ಸುತ್ತು ಸುತ್ತಿ ಒಳಗ ಹಾಕ್ರಿ. ಒದ್ದಿ ತೊಗಲಿಗೆ ಉಕ್ಕು ತಾಗಿದ್ರ ಕರೀ ಕಲಿ ಆಗ್ತೈತಿ, ಹೋಗಂಗಿಲ್ಲ. ಬೆರಳಿಲೆ, ಮರದ ಕಡ್ಡಿಲೆ ಒತ್ತಿ ಆಕಾರ ಕೊಡ್ರಿ. ಆಕಾರ ನಿಂತ ಕೂಡ್ಲೆ ಚಾಕು ಹೊರಗ ತಗದು ನೆರಳಾಗ ಎರಡು ದಿನ ಒಣಗಸ್ರಿ. ಬಿಸಲಾಗ ಇಟ್ರ ಸುಕ್ಕಾಗಿ ಬಿರಿತೈತಿ. ಅಂಚು 400ರ ಹಾಳಿಲೆ ಉಜ್ಜಿ, ಸ್ವಲ್ಪ ನೀರು ಹಚ್ಚಿ ಮರದ ಕಡ್ಡಿಲೆ ತಿಕ್ಕಿ, ಜೇನುಮೇಣ. ಎಣ್ಣಿ ಒಂದೇ ತೆಳ್ಳನ ಕೈ. ಜಾಸ್ತಿ ಆದ್ರ ಒರೆ ಸಡ್ಲಾಗಿ ಚಾಕು ಜಾರ್ತೈತಿ.

ತೋರಿಸಾಕ ಒರೆ, ಇಡಾಕ ಅಲ್ಲ. ಚಾಕು ಬ್ಯಾರೆ, ಒರೆ ಬ್ಯಾರೆ ಇಡ್ರಿ.

ಅಲಗು_28:
ತೊಗಲಿನ ದಾರದ ಲೆಕ್ಕ ಬಹಳ ಉಪಯೋಗವಾಯಿತು ಅಣ್ಣಾ. ಲೈಸೆನ್ಸ್ ವಿಷಯ ಯಾರಿಗಾದರೂ ಗೊತ್ತೇ?

ತೂಕ_ತಕ್ಕಡಿ:
2016ರ ಶಸ್ತ್ರಾಸ್ತ್ರ ನಿಯಮಗಳ ಪಟ್ಟಿಯಲ್ಲಿ ಚಾಕುವಿಗೆ ಇರುವ ಗೆರೆ: ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ. ನಿಮ್ಮದು 4 ಇಂಚು ಉದ್ದ, ಒಂದು ಚಿಲ್ಲರೆ ಅಗಲ. ಎರಡು ಬಾಯಿಯ ಕಠಾರಿ ಮಾದರಿಗೆ ಹೋಗಬೇಡಿ, ಸುಮ್ಮನೆ ತಕರಾರು. ಊರಲ್ಲಿ ನಿಷೇಧಾಜ್ಞೆ ಇದ್ದಾಗ ಸಣ್ಣ ಚಾಕುವನ್ನೂ ಹೊತ್ತು ತಿರುಗುವ ಹಾಗಿಲ್ಲ. ಕೊರಿಯರ್‌ನಲ್ಲಿ ಕಳಿಸುವ ಮುಂಚೆ ಅವರನ್ನು ಕೇಳಿ.

ರಿವೆಟ್_ರಾಯ:
ಕೊನೆಯ ಪ್ರಶ್ನೆ. ಎಲ್ಲ ಮುಗಿದ ಮೇಲೆ ಒಂದು ಬಿಲ್ಲೆಯಲ್ಲಿ ಬಿರುಕು ಕಂಡರೆ?

ಹಕೀಕ್:
ತೆಗೆಯಬಹುದು. ಈ ಅಂಟು 100–120 ಡಿಗ್ರಿಯಲ್ಲಿ ಮೆತ್ತಗಾಗುತ್ತದೆ, ಅಲಗಿನ ಹದ 165ರದ್ದು, ಹಾಗಾಗಿ ಉಕ್ಕಿಗೆ ಅಪಾಯವಿಲ್ಲ. ತಣ್ಣನೆಯ ಓವನ್‌ನಲ್ಲಿಟ್ಟು ಗಂಟೆ ಹೊತ್ತಿನಲ್ಲಿ ನಿಧಾನವಾಗಿ 120ಕ್ಕೆ ಏರಿಸಿ, ಮರದ ತುಂಡಿನಿಂದ ಬಿಲ್ಲೆಯನ್ನು ಪಕ್ಕಕ್ಕೆ ತಳ್ಳಿ; ಬಂದ ದಾರಿಯಲ್ಲೇ ಜಾರಿ ಹೊರಬರುತ್ತದೆ. ಹೀಟ್ ಗನ್ ಹಿಡಿಯಬೇಡಿ, ಒಂದೇ ಕಡೆ ಕಾದು ಇನ್ನೊಂದು ಬದಿಯ ಒಳ್ಳೆಯ ಕಲ್ಲೂ ಸೀಳುತ್ತದೆ. ಇದೇ ಕಾರಣಕ್ಕೆ ಬೇಸಗೆಯಲ್ಲಿ ಚಾಕುವನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡುವುದೂ ಬೇಡ.